ವಿಕಿರಣಕ್ಕೆ ಕೊಸರು ಕೇಳಿದ ಸಾಹುಕಾರರು

ನನಗೆ ನಿವೃತ್ತಿಯಾಗಿದೆ, ನನ್ನ ಹೆಬ್ಬೆರಳಿಗೆ ಆಗಿಲ್ಲ. ಬಕೆಟ್ಟಿನ ಅಂಚು, ಉಪ್ಪಿನ ಡಬ್ಬಿಯ ಮುಚ್ಚಳ, ಮೊಮ್ಮಗಳ ಟಿಫಿನ್ ಬಾಕ್ಸಿನ ಕೊಕ್ಕೆ, ಯಾವ ಪ್ಲಾಸ್ಟಿಕ್ಕು ಸಿಕ್ಕರೂ ಅದು ತನ್ನಷ್ಟಕ್ಕೆ ತಾನೇ ಬಗ್ಗಿಸಿ ನೋಡುತ್ತದೆ. ಮನೆಯಲ್ಲಿ ಮುರಿದ ಮುಚ್ಚಳಗಳಿಗೆಲ್ಲ ನಾನೇ ಜವಾಬ್ದಾರಳು. ಹರಿಹರದ ಸಿರಿಂಜ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೂದಲು ನರೆಸಿಕೊಂಡವಳ ಕೈ ಇದು, ಏನು ಮಾಡುವುದು.

ಈಚೆಗೆ ಅದೇ ಕೆಲಸಕ್ಕೆ ಸೇರಿರುವ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದು, "ಆಂಟಿ, ಪುಸ್ತಕದಾಗೆ ಇಲ್ಲದ್ದು ಏನಾದ್ರೂ ಹೇಳ್ರಿ" ಎಂದು ಕೂತರು. ಹೇಳುತ್ತಾ ಹೋದೆ, ಮಾಡಿಟ್ಟ ಮಂಡಕ್ಕಿ ಖಾಲಿಯಾಯಿತು, ಮಾತು ಮುಗಿಯಲಿಲ್ಲ. ಆ ಮಾತನ್ನೇ ಇಲ್ಲಿ ಬರೆದಿದ್ದೇನೆ. ಬಡ್ತಿಯ ವಿಚಾರ ಇದರಲ್ಲಿಲ್ಲ. ಅದು ನೆನಪಿಡುವಷ್ಟು ಬರಲೂ ಇಲ್ಲ.

ನಮ್ಮ ಮಾಲೀಕರ ಹೆಸರು ಪಂಚಾಕ್ಷರಪ್ಪ, ನಮಗೆಲ್ಲ ಸಾಹುಕಾರರು. ಮೂಲ ಭಾನುವಳ್ಳಿ, ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ತಂದೆಯ ಕಾಲಕ್ಕೆ ಕಾಳಿನ ವ್ಯಾಪಾರ. ಇವರು ಪ್ಲಾಸ್ಟಿಕ್ ಕೊಡ ಮಾಡಿ ಗೆದ್ದರು, ಗೆದ್ದ ಹುರುಪಿನಲ್ಲಿ ಸಿರಿಂಜಿಗೆ ಕೈ ಹಾಕಿದರು. "ಕೊಡಕ್ಕೂ ಸಿರಿಂಜಿಗೂ ಏನ್ರಿ ವ್ಯತ್ಯಾಸ? ಎರಡರಾಗೂ ನೀರು ತುಂಬಾದು, ಎರಡರಾಗೂ ನೀರು ಸೋರಬಾರ್ದು" ಎಂದು ಮೊದಲ ದಿನವೇ ನನಗೆ ಪಾಠ ಹೇಳಿದರು. ಮನುಷ್ಯ ಬಹಳ ಒಳ್ಳೆಯವರು. ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಅವರ ಕಾರು ಹೋಗಿ ನಿಲ್ಲುತ್ತಿತ್ತು. ಆದರೆ ಅಂಗಡಿಯಿಂದ ಕೊಸರಿಲ್ಲದೆ ಹೊರಬಂದವರಲ್ಲ. ಸೇರು ಅಳೆದ ಮೇಲೆ ಮೇಲೊಂದು ಹಿಡಿ ಹಾಕಿಸಿಕೊಳ್ಳುವುದು ಅವರಿಗೆ ದುಡ್ಡಿನ ವಿಷಯವಲ್ಲ, ಮರ್ಯಾದೆಯ ವಿಷಯ. ಕೊತ್ತಂಬರಿ ಸೊಪ್ಪಿಗೆ ಕೊಸರು, ಬಟ್ಟೆಗೆ ಕೊಸರು. ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋದವರು, "ಹೆಂಗೂ ಬಾಯಿ ತೆಗೆದೀನಿ, ಪಕ್ಕದ್ದನ್ನೂ ಒಂಚೂರು ಕೆರೆದುಬಿಡ್ರಿ" ಎಂದಿದ್ದರಂತೆ.

ಆರಂಭದಲ್ಲಿ ನಮ್ಮ ಸಿರಿಂಜುಗಳನ್ನು ಗ್ಯಾಸಿನಿಂದ ಕ್ರಿಮಿಶುದ್ಧ ಮಾಡುತ್ತಿದ್ದೆವು. ಆ ಗ್ಯಾಸು ಕ್ರಿಮಿಗೂ ವಿಷ, ಮನುಷ್ಯನಿಗೂ ವಿಷ. ಮಾಲಿನೊಳಗೆ ಸೇರಿಕೊಂಡದ್ದು ಪೂರ್ತಿ ಹೊರಹೋಗುವವರೆಗೆ ಕಾಯಬೇಕು. ಕಾಯುವುದೆಂದರೆ ಸಾಹುಕಾರರಿಗೆ ಆಗದು. ಹಾಗಾಗಿ ಗಾಮಾ ವಿಕಿರಣದ ಸುದ್ದಿ ಬಂದಾಗ ಕುಣಿದುಬಿಟ್ಟರು. ಮಾಲನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಅಂಟಿಸಿ ಬೆಂಗಳೂರಿನ ಕಡೆಯ ವಿಕಿರಣ ಘಟಕಕ್ಕೆ ಲಾರಿಯಲ್ಲಿ ಕಳಿಸುವುದು. ಅಲ್ಲಿ ದಪ್ಪ ಗೋಡೆಯ ಕೋಣೆಯೊಳಗೆ ಕೋಬಾಲ್ಟ್ ಇರುತ್ತದೆ. ನಮ್ಮ ಪೆಟ್ಟಿಗೆಗಳು ತೂಗುತೊಟ್ಟಿಲಿನಲ್ಲಿ ಕೂತು ಅದರ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕಿ ಬರುತ್ತವೆ. ಪೆಟ್ಟಿಗೆ ಬಿಚ್ಚುವಂತಿಲ್ಲ, ಒಳಗಿನ ಕ್ರಿಮಿ ಉಳಿಯುವಂತಿಲ್ಲ.

ಮೊದಲ ಲಾರಿ ತಿರುಗಿ ಬಂದ ದಿನ ನಮ್ಮ ಹಮಾಲರು ಯಾರೂ ಪೆಟ್ಟಿಗೆ ಮುಟ್ಟಲಿಲ್ಲ. ಒಳಗೆ ಕರೆಂಟ್ ಉಳಿದಿದೆ ಎಂದು ಅವರ ವಾದ. "ಬ್ಯಾಟರಿ ಬೆಳಕು ಗೋಡೆಗೆ ಬಿಟ್ಟು ಆರಿಸಿದ್ರೆ ಗೋಡೆ ಹೊಳೀತೈತಾ? ಇದೂ ಹಂಗೇ" ಎಂದು ನಾನು ತಿಳಿಹೇಳಿದೆ. ತಲೆಯಾಡಿಸಿದರು, ಮುಟ್ಟಲಿಲ್ಲ. ಕೊನೆಗೆ ಅಚ್ಚು ವಿಭಾಗದ ಮೇಸ್ತ್ರಿ ಮಹಬೂಬ್ ಸಾಬರು ಒಂದು ಪೆಟ್ಟಿಗೆಯ ಮೇಲೆ ಕೂತು, ಬೀಡಾ ಹಾಕಿಕೊಂಡು, "ಬೆಚ್ಚಗೆ ಐತಪ್ಪ, ಚಳಿಗಾಲಕ್ಕೆ ಮಜಾ" ಎಂದರು. ಆಮೇಲೆ ಕೆಲಸ ಸಾಗಿತು. ಆದರೆ ಸಾಹುಕಾರರ ಮನೆಯವರು ಮಾತ್ರ, ಘಟಕಕ್ಕೆ ಹೋಗಿ ಬಂದ ಗಂಡನನ್ನು ಸ್ನಾನ ಮಾಡಿಸದೆ ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವಂತೆ.

ವಿಕಿರಣ ಮಾಲಿನಲ್ಲಿ ಉಳಿಯುವುದಿಲ್ಲ, ನಿಜ. ಆದರೆ ಅದು ಮಾಡಿದ ಕೆಲಸ ಉಳಿಯುತ್ತದೆ. ಮಕ್ಕಳೇ, ನೀವು ಕಲಿಯಬೇಕಾದದ್ದು ಅಲ್ಲಿಂದ ಶುರು.

ನಮಗೆ ಅದನ್ನು ಮೊದಲು ಕಲಿಸಿದ್ದು, ಸಿರಿಂಜಿನ ಜೊತೆಗೆ ಮಾಡಿನೋಡಿದ ಮೂತ್ರದ ಚೀಲ. ಪಿ.ವಿ.ಸಿ.ಯ ಚೀಲ, ಕಣ್ಣೀರಿನಷ್ಟು ತಿಳಿ. ವಿಕಿರಣಕ್ಕೆ ಕಳಿಸಿದೆವು, ಹಳದಿಯಾಗಿ ಬಂತು. ಆ ಜಾತಿಯ ಪ್ಲಾಸ್ಟಿಕ್ಕಿಗೆ ಸರಿಯಾದ ಔಷಧ ಬೆರೆಸದಿದ್ದರೆ ಅದು ಹಾಗೇ. ಮಾದರಿ ಹಿಡಿದುಕೊಂಡು ನಾನೇ ಒಂದು ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿಯ ಹಿರಿಯ ನರ್ಸಮ್ಮ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಚೀಲ ನೋಡಿದರು. ಮೆಲ್ಲಗೆ ಕೇಳಿದರು: "ತಪ್ಪು ತಿಳೀಬ್ಯಾಡ್ರಿ ಮೇಡಂ, ಇದನ್ನ ಯಾರೋ ಆಗ್ಲೇ ಬಳಸ್ಯಾರೇನ್ರಿ?"

ಎರಡನೆಯ ಪಾಠ ಒಬ್ಬ ಸಲಹೆಗಾರರಿಂದ ಬಂತು. ಸೂಟು ಹಾಕಿಕೊಂಡು ಬಂದ ಆ ದೊಡ್ಡವರು, "ಟೆಫ್ಲಾನ್ ಇಲ್ಲದೆ ಒಳ್ಳೆ ಸಾಮಾನೇ ಇಲ್ಲ. ಆಸಿಡ್ಡಿಗೆ ಬಗ್ಗಲ್ಲ, ಬೆಂಕಿಗೆ ಬಗ್ಗಲ್ಲ" ಎಂದು ಕೊಳವೆಯ ತುಂಡುಗಳನ್ನು ತಾವೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಬೆಂಕಿಗೆ ಬಗ್ಗದ ಆ ಗಟ್ಟಿಗ ವಿಕಿರಣದ ಮುಂದೆ ಕಾಲು ಮಡಚಿಬಿಟ್ಟಿದ್ದ. ತಿರುಗಿ ಬಂದ ತುಂಡನ್ನು ಅವರು ಎಲ್ಲರೆದುರು ಹೆಮ್ಮೆಯಿಂದ ಬಗ್ಗಿಸಿದರು, ಬೆರಳಲ್ಲೇ ಚೂರಾಯಿತು. ಬಿಳಿಯ ಪುಡಿ ಅಂಗೈ ತುಂಬ. ಸಾಹುಕಾರರು ಗಂಭೀರವಾಗಿ, "ಹಣೆಗೆ ಹಚ್ಕೊಳ್ರಿ ಸರ್, ದಾರಿ ಖರ್ಚಿಗೆ ಶಿವ ಅದಾನೆ" ಎಂದರು. ಸಲಹೆಗಾರರು ಊಟಕ್ಕೂ ನಿಲ್ಲಲಿಲ್ಲ.

ಇದೆಲ್ಲ ಯಾಕೆ ಹೀಗೆ ಎಂದು ಕೇಳುತ್ತೀರಿ. ನಾನು ಮಲ್ಲಿಗೆ ದಂಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಪ್ಲಾಸ್ಟಿಕ್ಕೆಂದರೆ ಉದ್ದುದ್ದ ಸರಗಳ ರಾಶಿ. ವಿಕಿರಣ ಆ ಸರಗಳ ದಾರವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಕೆಲವು ಜಾತಿಗಳು ಕತ್ತರಿಸಿದ ಕಡೆ ಪಕ್ಕದ ಸರಕ್ಕೆ ಗಂಟು ಹಾಕಿಕೊಂಡು ಇನ್ನೂ ಗಟ್ಟಿಯಾಗುತ್ತವೆ. ಕೆಲವು ಪುಡಿಯಾಗುತ್ತವೆ. ನಮ್ಮ ಸಿರಿಂಜಿನ ಪಾಲಿಪ್ರೊಪಿಲೀನ್ ಬಹಳ ಸಂಭಾವಿತ ಜಾತಿ: ಏನೂ ಆಗಿಲ್ಲವೆಂಬಂತೆ ಬುಟ್ಟಿಯಲ್ಲಿ ಕೂತಿರುತ್ತದೆ, ಎತ್ತಿದಾಗ ಉದುರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ವಿಕಿರಣ ಮುಗಿದ ಮೇಲೂ ಒಳಗೆ ಬೂದಿ ಮುಚ್ಚಿದ ಕೆಂಡ ಉಳಿದಿರುತ್ತದೆ. ಗಾಳಿಯ ಆಮ್ಲಜನಕ ಒಳಗಿಳಿದಂತೆ ಆ ಕೆಂಡ ಒಂದೊಂದೇ ಸರವನ್ನು ಸುಡುತ್ತಾ ಹೋಗುತ್ತದೆ, ತಿಂಗಳುಗಟ್ಟಲೆ. ಸೆಖೆ ಇದ್ದರೆ ಇನ್ನೂ ಬೇಗ. ಬಿಸಿಲಲ್ಲಿ ಬಿಟ್ಟ ಬಕೆಟ್ಟು ಒಂದು ದಿನ ಹಿಡಿ ಸಮೇತ ಕೈಗೆ ಬರುತ್ತದಲ್ಲ, ಹೆಚ್ಚೂಕಡಿಮೆ ಅದೇ ಸಂಕಟ.

ಅದಕ್ಕೇ ವಿಕಿರಣ ತಾಳುವ ದರ್ಜೆಯ ಪ್ಲಾಸ್ಟಿಕ್ ಹರಳನ್ನೇ ತರಿಸುತ್ತಿದ್ದೆವು. ಅದಕ್ಕೂ ಒಂದು ಮಿತಿ ಇದೆ. ಇಷ್ಟಕ್ಕಿಂತ ಕಡಿಮೆ ಕೊಟ್ಟರೆ ಕ್ರಿಮಿ ಉಳಿಯುತ್ತದೆ, ಇಷ್ಟಕ್ಕಿಂತ ಹೆಚ್ಚು ಕೊಟ್ಟರೆ ಸಿರಿಂಜು ಉಳಿಯುವುದಿಲ್ಲ. ಎರಡರ ನಡುವೆ ಹದ. ಇದನ್ನು ನಾನು ಸಾಹುಕಾರರಿಗೆ ಎಷ್ಟು ಸಲ ಹೇಳಿದ್ದೆನೋ. "ಆತು, ಆತು" ಎನ್ನುತ್ತಿದ್ದರು. ಕಿವಿಗೆ ಬಿದ್ದದ್ದು ಕಡಿಮೆ ಕೊಡಬಾರದು ಎಂಬ ಅರ್ಧ ಮಾತ್ರ.

ಒಂದು ಸಲ ಅವರೊಬ್ಬರೇ ಲಾರಿಯ ಹಿಂದೆ ಕಾರಿನಲ್ಲಿ ಘಟಕಕ್ಕೆ ಹೋದರು. ಅಲ್ಲಿ ಅಂದು ಕೆಲಸ ಕಡಿಮೆ ಇತ್ತು. ನಮ್ಮ ಪೆಟ್ಟಿಗೆಗಳ ಹಿಂದೆ ಖಾಲಿ ತೊಟ್ಟಿಲುಗಳು ತೂಗುತ್ತಾ ಹೋಗುವುದು ಸಾಹುಕಾರರ ಕಣ್ಣಿಗೆ ಬಿತ್ತು. ಖಾಲಿ ತೊಟ್ಟಿಲು ಕಂಡರೆ ಅವರ ಹೊಟ್ಟೆ ಉರಿಯುತ್ತದೆ. ಅಲ್ಲಿಯ ಮ್ಯಾನೇಜರ್ ಹತ್ತಿರ ಕೂತು, ಚಹಾ ಕುಡಿದು, ನಮ್ಮೂರಿನ ಬೆಣ್ಣೆ ದೋಸೆಗೆ ಆಹ್ವಾನ ಕೊಟ್ಟು, "ಹೆಂಗೂ ಖಾಲಿ ಹೊಂಟಾವೆ, ನಮ್ಮವನ್ನ ಇನ್ನೊಂದು ಸುತ್ತು ಕೂಡ್ರಿಸ್ರಿ" ಎಂದಿದ್ದಾರೆ. ಮಾಲು ನಿಮ್ಮದು, ನೀವು ಬರೆದುಕೊಟ್ಟರೆ ಸರಿ ಎಂದಿದ್ದಾರೆ ಅವರು. ಇವರು ಬರೆದುಕೊಟ್ಟರು.

ತಿರುಗಿ ಬಂದವರ ಮುಖ ನೋಡಬೇಕಿತ್ತು. ಮಗಳ ಮದುವೆ ಗೊತ್ತಾದಾಗಲೂ ಅಷ್ಟು ಬೆಳಗಿರಲಿಲ್ಲ.

"ಸರೋಜಮ್ಮಾರೆ, ಎರಡು ಸುತ್ತು. ಒಂದು ಸುತ್ತಿನ ರೇಟಿಗೆ."

"ಅಯ್ಯೋ ಸಾಹುಕಾರ್ರೆ, ಏನ್ ಮಾಡಿದ್ರಿ" ಎಂದೆ.

"ಕೊಸರು ತಂದೆ."

"ಪಾಯಸಕ್ಕೆ ಬೆಲ್ಲ ಜಾಸ್ತಿ ಆದ್ರೆ ತಿನ್ಬೋದ್ರಿ. ಇದು ಒಲೆ ಮ್ಯಾಲೆ ಎರಡು ತಾಸು ಜಾಸ್ತಿ ಬಿಟ್ಟಂಗೆ."

"ಹಾಲು ಎರಡು ಸಲ ಕಾಸಿದ್ರೆ ಕೆಡಲ್ಲ, ತಿಳಕೊಳ್ರಿ. ಸುಮ್ನೆ ಟೆಸ್ಟ್ ಮಾಡ್ರಿ."

ಟೆಸ್ಟ್ ಮಾಡಿದೆ. ಎಲ್ಲದರಲ್ಲೂ ಪಾಸು. ಆ ವಾರ ಆ ಸಿರಿಂಜುಗಳಷ್ಟು ಸುಸಂಸ್ಕೃತ ಸಿರಿಂಜು ಇಡೀ ಜಿಲ್ಲೆಯಲ್ಲಿರಲಿಲ್ಲ. ಇದರ ಗುಣ ಈಗ ಗೊತ್ತಾಗುವುದಿಲ್ಲ, ತಿಂಗಳು ಕಳೆಯಲಿ, ಅಲ್ಲಿಯವರೆಗೆ ಮಾರುವುದು ಬೇಡ ಎಂದು ಹಟ ಹಿಡಿದೆ. ಅದಕ್ಕೆ ಅವರು ಕೂಡಲೇ ಒಪ್ಪಿದ್ದು ಕಂಡು ನನಗೇ ಅನುಮಾನ ಬಂತು. "ಇಂಥ ಶುದ್ಧ ಮಾಲು ಮಾರಾದ್ಯಾಕೆ? ಭಾನುವಳ್ಳಿಯಾಗೆ ಉಚಿತ ಆರೋಗ್ಯ ಶಿಬಿರ ಮಾಡ್ತೀವಲ್ಲ, ನಮ್ಮೂರಿನ ಜನಕ್ಕೇ ಕೊಡಾಣ" ಎಂದರು. ಅವರ ಮನಸ್ಸಿನಲ್ಲಿ ಅದು ಇದ್ದುದರಲ್ಲಿ ಶ್ರೇಷ್ಠವಾದ ದಾನ.

ಶಿಬಿರ ಮುಂದಿನ ವಾರವೇ ಆಗಬೇಕಿತ್ತು. ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಬೇಸಿಗೆ ಬೆಳೆಗೆಂದು ಕಾಲುವೆಗೆ ನೀರು ಬಿಟ್ಟರು. ನೀರು ಬಂದ ಮೇಲೆ ಭಾನುವಳ್ಳಿಯಲ್ಲಿ ಜ್ವರ ಬರುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ. ಊರಿಗೆ ಊರೇ ನಾಟಿಗೆ ಇಳಿಯಿತು. ಭತ್ತದ ಕೊಯ್ಲಾಗಲಿ ಎಂದು ಶಿಬಿರ ಮುಂದಕ್ಕೆ ಹೋಯಿತು. ಪೆಟ್ಟಿಗೆಗಳು ತಗಡಿನ ಗೋದಾಮಿನಲ್ಲಿ ಬೇಸಿಗೆ ಪೂರ್ತಿ ಬೆಂದವು.

ಪ್ರತಿ ಕಂತಿನ ಮಾಲಿನಲ್ಲಿ ಒಂದಿಷ್ಟನ್ನು ಕಪಾಟಿನಲ್ಲಿಟ್ಟುಕೊಂಡು ಆಗಾಗ ಪರೀಕ್ಷಿಸುವುದು ನನ್ನ ರೂಢಿ. ಸಿರಿಂಜಿನ ಹಿಂಬದಿಯಲ್ಲಿ ಬೆರಳು ಕೊಟ್ಟು ಹಿಡಿಯುವ ಎರಡು ಅಂಚುಗಳಿರುತ್ತವೆ. ನಮ್ಮಲ್ಲಿ ಅದಕ್ಕೆ ಕಿವಿ ಎನ್ನುತ್ತಿದ್ದೆವು. ಮಾಸ್ತರು ಹಿಂಡಿದಂತೆ ಆ ಕಿವಿ ಹಿಂಡುವುದೇ ನನ್ನ ಮೊದಲ ಪರೀಕ್ಷೆ. ಯಂತ್ರ ಆಮೇಲೆ. ಮೊದಮೊದಲು ಕಿವಿ ಬಾಗುತ್ತಿತ್ತು. ಆಮೇಲೆ ಸ್ವಲ್ಪ ಬಿಗಿಯಿತು. ಬಣ್ಣವೂ ತುಸು ಹಳದಿಗೆ ತಿರುಗಿತು. ಸಾಹುಕಾರರಿಗೆ ತೋರಿಸಿದರೆ, "ಅರಿಶಿಣ ಬಣ್ಣ, ಶುಭ" ಎಂದರು. ಶಿಬಿರಕ್ಕೆ ಒಂದು ವಾರವಿದೆ ಎನ್ನುವಾಗ ಮತ್ತೆ ಹಿಂಡಿದೆ. ಟಕ್ ಎಂದಿತು. ಇನ್ನೊಂದು, ಟಕ್. ಮೂರನೆಯದು ನಾನು ಹಿಂಡುವುದಕ್ಕೆ ಮೊದಲೇ ಹೋಯಿತು.

ಇದರ ಅರ್ಥ ಏನೆಂದು ನಿಮಗೆ ಬಿಡಿಸಿ ಹೇಳಬೇಕು. ಸೂಜಿ ಒಬ್ಬರ ತೋಳಿನಲ್ಲಿರುತ್ತದೆ. ನರ್ಸ್ ಕಿವಿಗೆ ಎರಡು ಬೆರಳು ಕೊಟ್ಟು ಒತ್ತುತ್ತಾಳೆ. ಕಿವಿ ಮುರಿದರೆ ಕೈ ಜಾರುತ್ತದೆ, ಸೂಜಿ ಒಳಗೇ ಅಡ್ಡ ತಿರುಗುತ್ತದೆ, ಔಷಧ ಅರ್ಧ ಹೋಗಿರುತ್ತದೆ, ಮುರಿದ ಚೂಪು ಅವಳ ಬೆರಳಿಗೂ ತಾಗುತ್ತದೆ. ಇಲ್ಲಿ ಮೊದಲ ತೋಳು ಯಾರದೆಂಬುದೂ ಗೊತ್ತಾಗಿತ್ತು. ಸಾಹುಕಾರರ ತಾಯಿ ನೀಲಮ್ಮನವರು ಶಕ್ತಿಗೆಂದು ಡಾಕ್ಟರು ಬರೆದ ಇಂಜೆಕ್ಷನ್ ತಗೊಳ್ಳುತ್ತಿದ್ದರು. ಆ ಸಲದ್ದನ್ನು ಶಿಬಿರದ ವೇದಿಕೆಯ ಮೇಲೆ ತಗೊಂಡು ಅವರೇ ಉದ್ಘಾಟಿಸುವುದೆಂದು ಆಮಂತ್ರಣದಲ್ಲಿ ಅಚ್ಚಾಗಿತ್ತು.

ಮುರಿದ ಚೂರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಸಾಹುಕಾರರ ಕೋಣೆಗೆ ಹೋದೆ. ಮಹಬೂಬ್ ಸಾಬರನ್ನೂ ಕರೆದುಕೊಂಡೆ.

"ನೀವು ರೊಟ್ಟಿ ಬಡಿಯೋ ಕೈ ಹಾಕಿದ್ರೆ ಕಬ್ಬಿಣನೂ ಮುರೀತೈತೆ" ಎಂದರು ಸಾಹುಕಾರರು.

ಸಾಬರು ಒಂದು ತಗೊಂಡು ಎರಡು ಬೆರಳಲ್ಲಿ ಬಗ್ಗಿಸಿದರು. ಟಕ್.

"ನಿಂದು ಅಚ್ಚು ಎತ್ತಿ ಇಳಿಸೋ ಕೈ. ನಿನ್ನ ಯಾರು ಕೇಳಿದ್ರು?"

"ಹಂಗಾರೆ ನೀವೇ ಮುರೀರಿ ಸಾಹುಕಾರ್ರೆ. ದುಡ್ಡು ಎಣಿಸೋ ಕೈ, ಮೆತ್ತಗಿರ್ತೈತೆ" ಎಂದರು ಸಾಬರು.

ಸಾಹುಕಾರರು ಒಂದು ಸಿರಿಂಜು ತಗೊಂಡು, ಮಗುವಿನ ಕೆನ್ನೆ ಸವರಿದಂತೆ ಸವರಿ, "ನೋಡ್ರಿ, ಏನಾತು? ಏನೂ ಆಗ್ಲಿಲ್ಲ" ಎಂದು ಕೆಳಗಿಟ್ಟರು. ಇಟ್ಟ ಸಪ್ಪಳಕ್ಕೇ ಅದರ ಕಿವಿ ಬಿತ್ತು. ಅದನ್ನವರು ನೋಡಲಿಲ್ಲ, ಅಥವಾ ನೋಡಲು ಇಷ್ಟಪಡಲಿಲ್ಲ.

"ಈ ಮಾಲಿಗೆ ನಾನು ಸಹಿ ಹಾಕಲ್ರಿ" ಎಂದೆ.

"ದಾನಕ್ಕೆ ಸಹಿ ಯಾಕ್ರಿ? ಕಾರ್ಡ್ ಹಂಚಿ ಆಗೈತೆ. ನಮ್ಮ ಅವ್ವಗೆ ಶುದ್ಧವಾದದ್ದು ಚುಚ್ಚಬೇಕು ಅಂತ ಎರಡು ಸುತ್ತು ಹಾಕಿಸಿದೋನು ನಾನು. ನನಗಿಂತ ಜಾಸ್ತಿ ಕಾಳಜಿ ನಿಮಗೈತಾ?"

ಅದು ಸಿಟ್ಟಿನ ಮಾತಲ್ಲ, ನೋವಿನ ಮಾತು. ಅಷ್ಟು ಹೊತ್ತಿಗೆ ಅವರು ನಿಜವಾಗಿಯೂ ಹಾಗೆ ನಂಬಿಬಿಟ್ಟಿದ್ದರು. ಕಾಗದದ ಮೇಲಿನ ಅಂಕಿ ತೋರಿಸಿ ಈ ನಂಬಿಕೆ ಅಲ್ಲಾಡಿಸುವುದು ಸಾಧ್ಯವಿಲ್ಲವೆಂದು ನನಗೆ ಅರ್ಥವಾಯಿತು. ನನ್ನ ಮನೆಯೂ ದಾವಣಗೆರೆಯಲ್ಲೇ; ಮರುದಿನ ಎಂದಿನಂತೆ ಹರಿಹರದ ಬಸ್ಸು ಹತ್ತದೆ, ನಾಲ್ಕು ಸಿರಿಂಜು ಕೈಚೀಲಕ್ಕೆ ಹಾಕಿಕೊಂಡು ಪಿ.ಜೆ. ಬಡಾವಣೆಯ ಅವರ ಮನೆಗೆ ಹೋದೆ.

ನೀಲಮ್ಮನವರು ಮಹಡಿಯ ಮೇಲೆ ಸೀರೆ ಹಾಸಿ ಹಪ್ಪಳ ಒಣಗಿಸುತ್ತಾ ಕೊಡೆ ಹಿಡಿದು ಕೂತಿದ್ದರು. ಕಾಗೆಯನ್ನೂ ಮೊಮ್ಮಕ್ಕಳನ್ನೂ ಒಂದೇ ಕೋಲಿನಲ್ಲಿ ಓಡಿಸುವ ಹೆಂಗಸು. ಗಂಡನ ಕಾಳಿನಂಗಡಿಯಲ್ಲಿ ಗಲ್ಲಾದ ಮೇಲೆ ಕೂತವರು. ಮಗನಿಗೆ ಕೊಸರಿನ ವಿದ್ಯೆ ಬಂದದ್ದೂ ಅಲ್ಲಿಂದಲೇ.

"ಬಾರವ್ವ ಸರೋಜಾ, ಕೂಡು. ಏನ್ ಬಿಸ್ಲಾಗೆ ಬಂದೆ?"

"ಅಮ್ಮಾ, ಭಾನುವಳ್ಳಿಯಾಗೆ ನಿಮಗೆ ಚುಚ್ಚೋ ಸಿರಿಂಜು ತಂದೀನಿ. ಹೆಂಗೈತೆ ನೋಡ್ರಿ" ಎಂದು ಒಂದನ್ನು ಕೊಟ್ಟೆ. ಮತ್ತೇನೂ ಹೇಳಲಿಲ್ಲ.

ಅವರು ಅದನ್ನು ತಿರುಗಿಸಿ ನೋಡಿದರು. ಅಭ್ಯಾಸಬಲ, ಅಂಚನ್ನು ಎರಡು ಬೆರಳಲ್ಲಿ ಹಿಡಿದು, ತಮ್ಮ ಕಿವಿಯ ಹತ್ತಿರ ತಂದು, ಹಪ್ಪಳದ ಹದ ನೋಡುವಂತೆ ಬಗ್ಗಿಸಿದರು. ಟಕ್ ಎಂದು ಚೂರು ಹಪ್ಪಳದ ನಡುವೆ ಹೋಗಿ ಬಿತ್ತು. ಇನ್ನೊಂದು ಕೇಳಿದರು. ಅದೂ ಅಷ್ಟೆ. ಮೂರನೆಯದನ್ನು ಈಸಿಕೊಂಡರು, ಮುರಿಯಲಿಲ್ಲ. ಸೀರೆಯ ಸೆರಗಿನಲ್ಲಿ ಸಿಕ್ಕಿಸಿಕೊಂಡು ನನ್ನನ್ನು ಊಟಕ್ಕೆ ಕೂರಿಸಿ, ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು.

ಮಧ್ಯಾಹ್ನ ಸಾಹುಕಾರರು ಊಟಕ್ಕೆ ಬಂದರು. ನನ್ನನ್ನು ಅಲ್ಲಿ ಕಂಡು ಅವರಿಗೆ ಎಲ್ಲ ಅರ್ಥವಾಯಿತು. ಕೈ ತೊಳೆದು ತಟ್ಟೆಯ ಮುಂದೆ ಕೂತರು.

"ಪಂಚಾಕ್ಷರಿ," ಎಂದರು ತಾಯಿ, ರೊಟ್ಟಿ ಹಾಕುತ್ತಾ, "ಎರಡು ಸುತ್ತು ಹಾಕಿಸಿದ್ಯಂತೆ?"

"ಹೂನವ್ವ. ಒಂದರ ರೇಟಿಗೆ."

"ಜಾಣ" ಎಂದರು. ಸೆರಗಿನಿಂದ ಸಿರಿಂಜು ತೆಗೆದು ತಟ್ಟೆಯ ಅಂಚಿನ ಮೇಲೆ ಮುರಿದರು. ಚೂರು ಸೀದಾ ಪಲ್ಯದ ಮೇಲೆ ಬಿತ್ತು. "ತಿನ್ನು. ಹಪ್ಪಳ ಆಗೈತೆ."

ಸಾಹುಕಾರರು ಪಲ್ಯವನ್ನೇ ನೋಡುತ್ತಿದ್ದರು.

"ನಾನು ನಿನಗೆ ಕೊಸರು ಕೇಳಾದು ಕಲಿಸಿದೆ, ಹೌದು. ಅದು ಕಾಳಿಗೆ ಕೇಳಾದಪ್ಪ. ಒಲೆಗೆ ಯಾರಾರೂ ಕೊಸರು ಕೇಳ್ತಾರಾ?"

"ನಿನಗೆ ಶುದ್ಧ ಇರ್ಲಿ ಅಂತ ಅವ್ವ..."

"ಗೊತ್ತೈತೆ ಬಿಡು. ರೊಟ್ಟಿ ತಿನ್ನು. ಪಲ್ಯ ಬದಲಿ ಮಾಡ್ತೀನಿ."

ಆ ಕಂತು ಪೂರ್ತಿ ರದ್ದಾಯಿತು. ಪೂರ್ತಿ ಎಂದರೂ, ಸಾಹುಕಾರರು ಗೋದಾಮಿನ ಬಾಗಿಲಲ್ಲಿ ನಿಂತು, "ಹೋಳಿ ಹಬ್ಬಕ್ಕೆ ಪಿಚಕಾರಿ ಅಂತ ಮಾರಿದ್ರೆ ಹೆಂಗ್ರಿ?" ಎಂದು ಒಮ್ಮೆ ಕೇಳಿದರು. ಮಕ್ಕಳ ಕಣ್ಣಿನ ಹತ್ತಿರ ಮುರಿಯುತ್ತದೆ ಎಂದಾಗ ಆ ಆಸೆ ಬಿಟ್ಟು, ಪುಡಿ ಮಾಡುವ ಯಂತ್ರದ ಮುಂದೆ ಮುಗಿಯುವವರೆಗೂ ತಾವೇ ನಿಂತರು.

ಈಗ ಶಿಬಿರಕ್ಕೆ ಸಿರಿಂಜು ಬೇಕು. ನಮ್ಮಲ್ಲಿದ್ದ ಒಳ್ಳೆಯ ಮಾಲೆಲ್ಲ ಮಾರಿಹೋಗಿತ್ತು. ಹೊಸದು ಮಾಡಿ, ಕಳಿಸಿ, ತರಿಸಿ, ಪರೀಕ್ಷಿಸಲು ದಿನ ಸಾಲದು. ಕೊನೆಗೆ ಸಾಹುಕಾರರು ತಮ್ಮ ಹಳೆಯ ಎದುರಾಳಿ ಕಂಪನಿಯ ಮಾಲನ್ನು ಅಂಗಡಿಯಲ್ಲಿ ಕೊಂಡರು. ಅದೇ ಕಂಪನಿಯವನನ್ನು ಅವರು ಇಪ್ಪತ್ತು ವರ್ಷ "ನೀರು ಬೆರೆಸಿದ ಹಾಲಿನವ" ಎಂದು ಕರೆದಿದ್ದರು. ಕೊಂಡಾಗ ಕೊಸರು ಕೇಳಲಿಲ್ಲವಂತೆ. ಅಂಗಡಿಯವನಿಗೆ ಗಾಬರಿಯಾಗಿ, "ಸಾಹುಕಾರ್ರಿಗೆ ಆರಾಮ ಇಲ್ಲೇನ್ರಿ?" ಎಂದು ನನಗೆ ಫೋನು ಮಾಡಿದ.

ಭಾನುವಳ್ಳಿಯ ಶಾಲೆಯ ಅಂಗಳದಲ್ಲಿ ಶಾಮಿಯಾನ. ಮೇಲೆ ನಮ್ಮ ಕಾರ್ಖಾನೆಯ ಹೆಸರಿನ ದೊಡ್ಡ ಬ್ಯಾನರ್, ಕೆಳಗೆ ಎದುರಾಳಿಯ ಹೆಸರಿನ ಪೆಟ್ಟಿಗೆಗಳು. ಮಹಬೂಬ್ ಸಾಬರು ವೇದಿಕೆ ಹತ್ತಿ ಸಾಹುಕಾರರ ಕಿವಿಯಲ್ಲಿ, ಆದರೆ ಮೊದಲ ಸಾಲಿಗೆಲ್ಲ ಕೇಳುವಂತೆ, "ಫಿಕರ್ ಮಾಡಬ್ಯಾಡ್ರಿ, ಹೆಸರು ಗೋಡೆ ಕಡೆ ತಿರುಗಿಸಿದೀನಿ" ಎಂದರು.

ನೀಲಮ್ಮನವರು ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ನರ್ಸ್ ಹತ್ತಿರ ಬಂದಾಗ ಕೈ ಅಡ್ಡ ಹಿಡಿದರು. "ಮೊದ್ಲು ಒಂದು ಇಲ್ಲಿ ಕೊಡವ್ವ." ಬಿಡಿಯಾಗಿ ಒಂದು ಸಿರಿಂಜು ತರಿಸಿಕೊಂಡು, ತಮ್ಮ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಸಾಹುಕಾರರ ಮುಖದಲ್ಲಿ ಬೆವರು. ಸಿರಿಂಜಿನ ಕಿವಿ ಬಾಗಿತು, ಬಿಟ್ಟಾಗ ಮೊದಲಿನಂತೆ ನಿಂತಿತು. ಸಪ್ಪಳವಿಲ್ಲ.

"ಹದ ಐತೆ" ಎಂದರು. "ಈಗ ಚುಚ್ಚು."

ನರ್ಸ್ ಇನ್ನೊಂದು ಸಿರಿಂಜಿನಲ್ಲಿ ಔಷಧ ಎಳೆದು, ಎಲ್ಲ ನರ್ಸುಗಳೂ ಮಾಡುವಂತೆ ಸೂಜಿ ಮೇಲೆ ಮಾಡಿ, ಗಾಳಿ ಹೋಗಲೆಂದು ತುಸು ಒತ್ತಿದಳು. ತುದಿಯಿಂದ ಒಂದು ಹನಿ ಚಿಮ್ಮಿ ನೆಲಕ್ಕೆ ಬಿತ್ತು. ನೀಲಮ್ಮನವರ ಕಣ್ಣು ಆ ಹನಿಯ ಜೊತೆಗೇ ಕೆಳಗಿಳಿಯಿತು.

"ಏನವ್ವ, ಚೆಲ್ಲಿಬಿಟ್ಟೆಯಲ್ಲ. ಅದರ ಬದ್ಲಿ ಮ್ಯಾಲೊಂಚೂರು ಹಾಕು."

ನರ್ಸ್ ಸಾಹುಕಾರರ ಕಡೆ ನೋಡಿದಳು. ಸಾಹುಕಾರರು ನನ್ನ ಕಡೆ ನೋಡಿದರು. ಆಮೇಲೆ ಮುಂದೆ ಬಂದು, ತಾಯಿಯ ಹೆಗಲ ಮೇಲೆ ಕೈಯಿಟ್ಟು, ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನೆಂದೂ ಕೇಳದ ಮಾತನ್ನು ಮೆಲ್ಲಗೆ ಹೇಳಿದರು.

"ಕೊಸರು ಬ್ಯಾಡವ್ವ. ಎಷ್ಟು ಬೇಕೋ ಅಷ್ಟೇ ಇರ್ಲಿ."